ಹಳೆಯ ಎಂಜಿನ್, ಹೊಸ ಡೀಸೆಲ್: ಸೋರಿಕೆಗೆ ಕಾರಣ ಮತ್ತು ಪರಿಹಾರ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ಹಳೆಯದಾದ ಟ್ರಾಕ್ಟರುಗಳು, ಪವರ್ ಟಿಲ್ಲರುಗಳು, ಡೀಸೆಲ್ ಪಂಪ್‌ಸೆಟ್ಟುಗಳು ಮತ್ತು ಜನರೇಟರುಗಳು ಇಂದಿಗೂ ದುಡಿಯುತ್ತಿವೆ. ಇವುಗಳ ಮಾಲೀಕರು ಸಾಮಾನ್ಯವಾಗಿ ಹೇಳುವ ದೂರು ಹೀಗಿರುತ್ತದೆ: "ಎಂಜಿನ್ ಚೆನ್ನಾಗಿಯೇ ಇದೆ, ಆದರೆ ಪಂಪಿನ ಹತ್ತಿರ ಡೀಸೆಲ್ ಜಿನುಗುತ್ತದೆ. ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ." ಕೆಲವರು ಇದನ್ನು ಮೆಕ್ಯಾನಿಕ್ಕಿನ ಕೈಗುಣವೆಂದು ತಿಳಿಯುತ್ತಾರೆ. ಇನ್ನು ಕೆಲವರು ಬಂಕಿನವರು ಕಲಬೆರಕೆ ಮಾಡಿದ್ದಾರೆಂದು ಶಂಕಿಸುತ್ತಾರೆ. ಎರಡೂ ಕೆಲವೊಮ್ಮೆ ನಿಜವಿರಬಹುದು. ಆದರೆ ಬಹಳಷ್ಟು ಸೋರಿಕೆಗೆ ಕಾರಣ ಬೇರೆಯೇ ಇದೆ. ನಾವು ಕೊಳ್ಳುವ ಡೀಸೆಲ್ ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಹಂತಹಂತವಾಗಿ ಬದಲಾಗಿದೆ. ಎಂಜಿನ್ನಿನೊಳಗಿನ ರಬ್ಬರು ಮಾತ್ರ ಹಳೆಯದೇ ಉಳಿದಿದೆ.

ಬೇಸಾಯ ಶಾಸ್ತ್ರದವನಿಗೆ ಎಂಜಿನ್ನಿನ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಮಳೆಯಾಶ್ರಿತ ಬೇಸಾಯದಲ್ಲಿ ಹದ ಎಂಬುದು ನಾಲ್ಕೈದು ದಿನದ ಮಾತು. ಗೌರಿಬಿದನೂರಿನ ಮುಸುಕಿನ ಜೋಳಕ್ಕಾಗಲಿ, ಚಿಂತಾಮಣಿ ಕಡೆಯ ರಾಗಿ, ನೆಲಗಡಲೆಗಾಗಲಿ, ಮಳೆ ಬಿದ್ದ ಮೇಲೆ ಉಳುಮೆ ಬಿತ್ತನೆ ಮುಗಿಸಲು ಸಿಗುವ ಅವಧಿ ಅಷ್ಟೇ. ಅದೇ ವಾರ ಊರಿನ ಎಲ್ಲ ಟ್ರಾಕ್ಟರುಗಳಿಗೂ ಕೆಲಸ, ಎಲ್ಲ ಮೆಕ್ಯಾನಿಕ್ಕುಗಳಿಗೂ ಕೆಲಸ. ಐವತ್ತು ರೂಪಾಯಿಯೂ ಬೆಲೆ ಬಾಳದ ಒಂದು ರಬ್ಬರು ಉಂಗುರ ಆ ಹೊತ್ತಿನಲ್ಲಿ ಕೈಕೊಟ್ಟರೆ ಹೋಗುವುದು ಡೀಸೆಲ್ ಮಾತ್ರವಲ್ಲ, ಹದವೂ ಹೋಗುತ್ತದೆ.

ಡೀಸೆಲ್‌ನಲ್ಲಿ ಆದ ಬದಲಾವಣೆ

ಕಚ್ಚಾ ತೈಲದಲ್ಲಿ ಸ್ವಾಭಾವಿಕವಾಗಿಯೇ ಗಂಧಕ ಇರುತ್ತದೆ. 1990ರ ದಶಕದ ಆರಂಭದಲ್ಲಿ ನಮ್ಮ ದೇಶದ ಡೀಸೆಲ್‌ನಲ್ಲಿ ಶೇಕಡ 1ರವರೆಗೆ, ಎಂದರೆ ಹತ್ತು ಲಕ್ಷ ಭಾಗದಲ್ಲಿ 10,000 ಭಾಗದವರೆಗೆ ಗಂಧಕಕ್ಕೆ ಅವಕಾಶವಿತ್ತು. 2000ದಲ್ಲಿ ಈ ಮಿತಿ 2,500ಕ್ಕೂ, 2005ರಲ್ಲಿ 500ಕ್ಕೂ, 2010ರಲ್ಲಿ 350ಕ್ಕೂ ಇಳಿಯಿತು. 2017ರ ಏಪ್ರಿಲ್ 1ರಿಂದ ದೇಶಾದ್ಯಂತ 50 ಭಾಗ, 2020ರ ಏಪ್ರಿಲ್ 1ರಿಂದ ಕೇವಲ 10 ಭಾಗ. ಬೆಂಗಳೂರು ನಗರಕ್ಕೆ 50 ಭಾಗದ ಡೀಸೆಲ್ 2010ರಲ್ಲಿಯೇ ಬಂದಿತ್ತು. ಆದ್ದರಿಂದ ಕೆಲವು ವರ್ಷಗಳ ಕಾಲ ನಗರದಲ್ಲಿ ತುಂಬಿಸಿದ ಡೀಸೆಲ್ಲೂ ಹೊರಗಿನ ಜಿಲ್ಲೆಗಳಲ್ಲಿ ತುಂಬಿಸಿದ ಡೀಸೆಲ್ಲೂ ಒಂದೇ ಆಗಿರಲಿಲ್ಲ. ಈಗ ಆ ವ್ಯತ್ಯಾಸವಿಲ್ಲ.

ಗಂಧಕ ಕಡಿಮೆಯಾದದ್ದು ಒಳ್ಳೆಯದೇ. ಹೊಗೆ ಕಡಿಮೆ, ಸಿಲಿಂಡರಿನ ಸವೆತ ಕಡಿಮೆ, ಎಂಜಿನ್ ಆಯಿಲ್ ಬೇಗ ಕೆಡುವುದಿಲ್ಲ. ಆದರೆ ಗಂಧಕವನ್ನು ತೆಗೆಯುವ ಬಗೆಯನ್ನು ತಿಳಿಯಬೇಕು. ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ಹೆಚ್ಚಿನ ಉಷ್ಣತೆ ಮತ್ತು ಒತ್ತಡದಲ್ಲಿ ಡೀಸೆಲ್‌ಗೆ ಜಲಜನಕ ಹಾಯಿಸಿ ಗಂಧಕವನ್ನು ಬೇರ್ಪಡಿಸುತ್ತಾರೆ. ಈ ಕ್ರಿಯೆಯಲ್ಲಿ ಗಂಧಕದೊಡನೆ ಇನ್ನೆರಡು ಬಗೆಯ ವಸ್ತುಗಳೂ ಕಡಿಮೆಯಾಗುತ್ತವೆ. ಒಂದು, ಆರೊಮ್ಯಾಟಿಕ್ ಎಂಬ ಗುಂಪಿನ ಹೈಡ್ರೋಕಾರ್ಬನ್ನುಗಳು. ಇನ್ನೊಂದು, ಲೋಹದ ಮೇಲೆ ತೆಳುವಾಗಿ ಅಂಟಿಕೊಂಡು ಸವೆತ ತಡೆಯುವ ಕೆಲವು ಅಂಶಗಳು. ಎರಡನೆಯ ಕೊರತೆಯನ್ನು ತುಂಬಲು ಕಾರ್ಖಾನೆಯಲ್ಲಿಯೇ ಜಾರುಗುಣದ ಸಂಯುಕ್ತವನ್ನು ಬೆರೆಸುತ್ತಾರೆ. ಹಾಗಾಗಿ ರೈತರು ಟ್ಯಾಂಕಿಗೆ ಎಂಜಿನ್ ಆಯಿಲನ್ನೋ ಟೂ-ಟಿ ಆಯಿಲನ್ನೋ ಸುರಿಯುವ ಅವಶ್ಯಕತೆ ಇಲ್ಲ. ಸುರಿದರೆ ನಾಝಲ್ಲಿನಲ್ಲಿ ಮಸಿ ಕಟ್ಟುತ್ತದೆ. ಮೊದಲನೆಯ ಕೊರತೆಯನ್ನು ಮಾತ್ರ ಯಾರೂ ತುಂಬಲಾರರು, ಸೋರಿಕೆಯ ಗುಟ್ಟು ಇರುವುದು ಅಲ್ಲಿಯೇ.

ರಬ್ಬರು ಊದುವುದು, ಕುಗ್ಗುವುದು

ಇಂಧನ ಪಂಪು, ಫಿಲ್ಟರು ಮತ್ತು ಪೈಪುಗಳ ಜೋಡಣೆಗಳಲ್ಲಿ ಬಳಸುವ ಕಪ್ಪು ಉಂಗುರಗಳು ಹೆಚ್ಚಾಗಿ ನೈಟ್ರೈಲ್ ಎಂಬ ಕೃತಕ ರಬ್ಬರಿನವು. ಆರೊಮ್ಯಾಟಿಕ್ ಅಂಶ ಹೆಚ್ಚಿರುವ ಡೀಸೆಲ್‌ನಲ್ಲಿ ನೆನೆದಾಗ ಈ ರಬ್ಬರು ತುಸು ಊದಿಕೊಳ್ಳುತ್ತದೆ. ಕಡಲೆಕಾಳು ನೀರು ಕುಡಿದು ಊದುವಂತೆಯೇ ಎನ್ನಬಹುದು, ಆದರೆ ಬಹಳ ಕಡಿಮೆ ಪ್ರಮಾಣದಲ್ಲಿ. ಊದಿದ ಉಂಗುರ ತನ್ನ ಗಾಡಿಯಲ್ಲಿ ಬಿಗಿಯಾಗಿ ಕುಳಿತು ದಾರಿ ಮುಚ್ಚುತ್ತದೆ. ವರ್ಷಗಟ್ಟಲೆ ಎಂಜಿನ್ನಿನ ಕಾವಿನಲ್ಲಿ ಹೀಗೆ ಕುಳಿತ ಉಂಗುರ ಗಡುಸಾಗಿ, ಒತ್ತಿದ ಆಕಾರಕ್ಕೇ ಚಪ್ಪಟೆಯಾಗಿ, ತನ್ನ ಸ್ಥಿತಿಸ್ಥಾಪಕ ಗುಣವನ್ನು ಕಳೆದುಕೊಂಡಿರುತ್ತದೆ. ಆದರೂ ಊದಿರುವುದರಿಂದ ಸೋರುವುದಿಲ್ಲ. ಆರೊಮ್ಯಾಟಿಕ್ ಅಂಶ ಕಡಿಮೆ ಇರುವ ಡೀಸೆಲ್ ಬಂದೊಡನೆ, ಹಿಂದೆ ಹೀರಿದ್ದು ಹೊರಬಂದು ರಬ್ಬರು ಕುಗ್ಗುತ್ತದೆ. ಹೊಸ ರಬ್ಬರಾದರೆ ಕುಗ್ಗಿದರೂ ಪುಟಿದು ಜಾಗ ತುಂಬೀತು. ಮುದಿ ರಬ್ಬರು ಪುಟಿಯಲಾರದು. ಕೂದಲೆಳೆಯಷ್ಟು ಸಂದು ಬಿಟ್ಟರೂ ಡೀಸೆಲ್‌ಗೆ ಅಷ್ಟು ಸಾಕು.

ಇದು ಮೊದಲು ದೊಡ್ಡ ಪ್ರಮಾಣದಲ್ಲಿ ಕಂಡುಬಂದದ್ದು ಅಮೆರಿಕದಲ್ಲಿ. ಅಲ್ಲಿ 1993ರ ಅಕ್ಟೋಬರಿನಲ್ಲಿ ರಸ್ತೆ ವಾಹನಗಳ ಡೀಸೆಲ್‌ನಲ್ಲಿ ಗಂಧಕವನ್ನು 500 ಭಾಗಕ್ಕೆ ಇಳಿಸಿದರು. ಕ್ಯಾಲಿಫೋರ್ನಿಯಾ ರಾಜ್ಯ ಅದರೊಡನೆ ಆರೊಮ್ಯಾಟಿಕ್ ಅಂಶಕ್ಕೂ ಮಿತಿ ಹಾಕಿತು. ಕೆಲವೇ ವಾರಗಳಲ್ಲಿ ಹಳೆಯ ಲಾರಿ, ಟ್ರಾಕ್ಟರುಗಳ ಇಂಧನ ಪಂಪುಗಳು ಸೋರತೊಡಗಿದವು. ಹೆಚ್ಚಿನ ಸೋರಿಕೆ ಹಳೆಯ ನೈಟ್ರೈಲ್ ಉಂಗುರಗಳಲ್ಲಿಯೇ ಇತ್ತು. 2006ರಲ್ಲಿ ಅಲ್ಲಿ 15 ಭಾಗದ ಡೀಸೆಲ್ ಬಂದಾಗ ಮತ್ತೆ ಇದೇ ತೊಂದರೆ ಕಾಣಿಸಿತು. ಆ ದೇಶದಲ್ಲಿ ಅಡುಗೆಮನೆ, ಮಲಗುವ ಮಂಚ ಸಹಿತ ಮನೆಯಂತೆಯೇ ಸಜ್ಜುಗೊಳಿಸಿದ ಡೀಸೆಲ್ ವಾಹನಗಳಿವೆ. ವರ್ಷದಲ್ಲಿ ಕೆಲವು ವಾರ ಪ್ರವಾಸಕ್ಕೆ ಹೋಗಿ ಉಳಿದ ತಿಂಗಳು ನಿಂತೇ ಇರುವ ಇಂತಹ ವಾಹನಗಳಿಗೆ ಸೋರಿಕೆಯ ಕಾಟ ಹೆಚ್ಚು. ನಿಂತ ಎಂಜಿನ್ನಿನಲ್ಲಿ ಡೀಸೆಲ್ ಕೆಳಗಿಳಿದು ರಬ್ಬರು ಒಣಗಿ ಇನ್ನಷ್ಟು ಕುಗ್ಗುತ್ತದೆ. ವರ್ಷಕ್ಕೆ ನೂರಿನ್ನೂರು ಗಂಟೆ ಮಾತ್ರ ನಡೆದು ಕೊಟ್ಟಿಗೆಯಲ್ಲಿ ನಿಲ್ಲುವ ನಮ್ಮ ಪಂಪ್‌ಸೆಟ್ಟು, ಜನರೇಟರುಗಳ ಪಾಡೂ ಅದೇ.

ನಮ್ಮ ಭಾಗದಲ್ಲಿ ಇನ್ನೊಂದು ಅಂಶವನ್ನೂ ಗಮನಿಸಬೇಕು. ನಂದಿ ಬೆಟ್ಟದ ಸುತ್ತಿನ ಹಳ್ಳಿಗಳಲ್ಲಿ ಡಿಸೆಂಬರ್, ಜನವರಿ ತಿಂಗಳ ಬೆಳಗಿನ ಚಳಿಗೆ ರಬ್ಬರು ಇನ್ನಷ್ಟು ಗಡುಸಾಗುತ್ತದೆ. ಬೆಳಿಗ್ಗೆ ಸೋರಿ, ಎಂಜಿನ್ ಕಾದ ಮೇಲೆ ತಾನಾಗಿಯೇ ನಿಲ್ಲುವ ಸೋರಿಕೆ ಇದೇ ಜಾತಿಯದು. "ಆಮೇಲೆ ನಿಂತುಹೋಯಿತು" ಎಂದು ಇದನ್ನು ಬಿಟ್ಟುಬಿಡುವವರೇ ಹೆಚ್ಚು.

ಸೋರಿಕೆಯ ಮೂರು ಬಗೆ

ಡೀಸೆಲ್ ಟ್ಯಾಂಕಿನಿಂದ ಹೊರಟು, ನಲ್ಲಿ ಮತ್ತು ಗಾಜಿನ ಬಟ್ಟಲನ್ನು ಹಾಯ್ದು, ಫೀಡ್ ಪಂಪಿನ ಮೂಲಕ ಫಿಲ್ಟರಿಗೆ, ಅಲ್ಲಿಂದ ಮುಖ್ಯ ಇಂಧನ ಪಂಪಿಗೆ, ಕೊನೆಗೆ ಉಕ್ಕಿನ ಪೈಪಿನಲ್ಲಿ ನಾಝಲ್ಲಿಗೆ ಹೋಗುತ್ತದೆ. ಉಳಿದದ್ದು ತೆಳುವಾದ ವಾಪಸಿ ಪೈಪಿನಲ್ಲಿ ಹಿಂದಿರುಗುತ್ತದೆ. ಈ ದಾರಿಯ ಯಾವ ಭಾಗದಲ್ಲಿ ಸಂದು ಬಿಟ್ಟಿದೆ ಎಂಬುದರ ಮೇಲೆ ಲಕ್ಷಣ ಬೇರೆಬೇರೆ.

ಹೊರಗೆ ಹನಿಯುವ ಸೋರಿಕೆ ಕಣ್ಣಿಗೆ ಕಾಣುವಂಥದು. ಇದರಿಂದ ಆಗುವ ನಷ್ಟವನ್ನು ಜನ ಕಡಿಮೆ ಅಂದಾಜು ಮಾಡುತ್ತಾರೆ. ಡೀಸೆಲ್ ಹನಿ ನೀರಿನ ಹನಿಗಿಂತ ಚಿಕ್ಕದು. 40 ಹನಿ ಸೇರಿ ಒಂದು ಮಿಲಿ ಲೀಟರ್ ಎಂದು ಇಟ್ಟುಕೊಂಡರೂ, ಸೆಕೆಂಡಿಗೊಂದು ಹನಿಯಂತೆ ಗಂಟೆಗೆ 90 ಮಿ.ಲೀ., ದಿನರಾತ್ರಿ ಸೋರಿದರೆ ಎರಡು ಲೀಟರಿಗೂ ಹೆಚ್ಚು. ಅನುಮಾನವಿದ್ದವರು ಒಂದು ಗಂಟೆ ಕಾಲ ಬಾಟಲಿ ಇಟ್ಟು ಅಳೆದು ನೋಡಬಹುದು.

ಎರಡನೆಯದು, ಗಾಳಿ ಎಳೆಯುವ ಸೋರಿಕೆ. ಟ್ಯಾಂಕು ಎಂಜಿನ್ನಿಗಿಂತ ಕೆಳಗಿದ್ದು ಫೀಡ್ ಪಂಪು ಡೀಸೆಲನ್ನು ಎಳೆದುಕೊಳ್ಳುವ ಯಂತ್ರಗಳಲ್ಲಿ, ಪಂಪಿಗಿಂತ ಹಿಂದಿನ ಜೋಡಣೆ ಸಡಿಲವಾದರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಹೊರಗೆ ಒಂದು ಹನಿಯೂ ಕಾಣದು. ರಾತ್ರಿ ನಿಂತ ಎಂಜಿನ್ ಬೆಳಿಗ್ಗೆ ಸ್ಟಾರ್ಟ್ ಆಗದು, ಆದರೂ ಸ್ವಲ್ಪ ಹೊತ್ತಿಗೆ ನಿಂತುಬಿಡುತ್ತದೆ, ಲೋಡು ಕೊಟ್ಟರೆ ಎಳೆಯುವುದಿಲ್ಲ. ಪ್ರತಿ ದಿನವೂ ಗಾಳಿ ತೆಗೆಯಬೇಕಾಗಿ ಬಂದರೆ ದೋಷ ಇಲ್ಲಿಯೇ ಎಂದು ತಿಳಿಯಬಹುದು. ಅನೇಕರು ಇದಕ್ಕಾಗಿ ಬ್ಯಾಟರಿ ಬದಲಾಯಿಸಿ, ನಾಝಲ್ ಬದಲಾಯಿಸಿ ಹಣ ಕಳೆದುಕೊಳ್ಳುತ್ತಾರೆ. ಎಳೆಯುವ ಪೈಪಿನ ನಡುವೆ ಡೀಸೆಲ್‌ಗೆ ತಾಳುವ ಪಾರದರ್ಶಕ ಪೈಪಿನ ತುಂಡೊಂದನ್ನು ತಾತ್ಕಾಲಿಕವಾಗಿ ಜೋಡಿಸಿದರೆ ಗುಳ್ಳೆಗಳು ಓಡುವುದು ಕಾಣುತ್ತದೆ.

ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಇದು ಒಳಗೇ ಸೋರುತ್ತದೆ. ಫೀಡ್ ಪಂಪಿನ ಡಯಾಫ್ರಂ ಹರಿದರೆ, ಅಥವಾ ರೋಟರಿ ಮಾದರಿಯ ಇಂಧನ ಪಂಪಿನ ಮುಂದಿನ ಸೀಲು ಹೋದರೆ, ಡೀಸೆಲ್ ನೇರವಾಗಿ ಎಂಜಿನ್ ಆಯಿಲ್ ಜೊತೆ ಸೇರುತ್ತದೆ. ಅಳತೆ ಕಡ್ಡಿಯಲ್ಲಿ ಆಯಿಲ್ ಮಟ್ಟ ಇಳಿಯುವ ಬದಲು ದಿನೇ ದಿನೇ ಏರುತ್ತದೆ. "ನಮ್ಮ ಎಂಜಿನ್ ಆಯಿಲ್ ತಿನ್ನುವುದೇ ಇಲ್ಲ, ಹೆಚ್ಚಾಗುತ್ತಿದೆ" ಎಂದು ಹೆಮ್ಮೆ ಪಡುವವರು ಕಡ್ಡಿಯನ್ನು ಮೂಸಿ ನೋಡಬೇಕು. ತೆಳುವಾದ ಆಯಿಲ್ ಬೇರಿಂಗುಗಳನ್ನು ಕಾಯಲಾರದು. ಕ್ರ್ಯಾಂಕ್ ಹಿಡಿದುಕೊಂಡರೆ ಖರ್ಚು ಹತ್ತಾರು ಸಾವಿರಕ್ಕೆ ಹೋಗುತ್ತದೆ. ಡೀಸೆಲ್ ವಾಸನೆ ಬಂದರೆ ಎಂಜಿನ್ನನ್ನು ಅಂದೇ ನಿಲ್ಲಿಸಿ, ಸೀಲು ಬದಲಾಯಿಸಿ, ಆಯಿಲ್ ಮತ್ತು ಆಯಿಲ್ ಫಿಲ್ಟರ್ ಎರಡನ್ನೂ ಹೊಸದಾಗಿ ಹಾಕತಕ್ಕದ್ದು.

ಹುಡುಕುವಾಗ ಕೈಯಿಡಬಾರದು

ಸೋರುವ ಜಾಗ ಹುಡುಕಲು ಮೊದಲು ಪಂಪು ಮತ್ತು ಪೈಪುಗಳನ್ನು ಒರೆಸಿ ಒಣಗಿಸಬೇಕು. ಅನಂತರ ಜೋಡಣೆಗಳ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ ಎಂಜಿನ್ ನಡೆಸಿದರೆ, ಜಿನುಗುವ ಜಾಗದಲ್ಲಿ ಪುಡಿ ನೆನೆದು ಕಪ್ಪಾಗುತ್ತದೆ. ಪುಡಿಯನ್ನು ಗಾಳಿ ಎಳೆಯುವ ಬಾಯಿಯಿಂದ ದೂರವಿಡಬೇಕು. ನಿಂತಾಗ ಹನಿಯುವುದನ್ನು ತಿಳಿಯಲು ರಾತ್ರಿ ಕೆಳಗೆ ಹಳೆಯ ರಟ್ಟು ಹಾಸಿದರೆ ಸಾಕು.

ಇಂಧನ ಪಂಪಿನಿಂದ ನಾಝಲ್ಲಿನವರೆಗಿನ ಉಕ್ಕಿನ ಪೈಪನ್ನು ಕುರಿತು ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹಳೆಯ ಎಂಜಿನ್ನುಗಳಲ್ಲಿಯೂ ಈ ಪೈಪಿನ ಒತ್ತಡ ಚದರ ಸೆಂಟಿಮೀಟರಿಗೆ 200 ಕಿ.ಗ್ರಾಂ ಆಸುಪಾಸಿನಲ್ಲಿರುತ್ತದೆ. ಬಿರುಕಿನಿಂದ ಚಿಮ್ಮುವ ಡೀಸೆಲ್ ಕಣ್ಣಿಗೆ ಸರಿಯಾಗಿ ಕಾಣದು. ಬೆರಳು ಅಡ್ಡ ಬಂದರೆ ಸೂಜಿಯಂತೆ ಚರ್ಮದೊಳಗೆ ಹೊಕ್ಕುತ್ತದೆ. ಗಾಯ ಮುಳ್ಳು ಚುಚ್ಚಿದಷ್ಟೇ, ನೋವೂ ಮೊದಲು ಕಡಿಮೆ. ಆದರೆ ಒಳಗೆ ಹೋದ ಡೀಸೆಲ್ ಮಾಂಸವನ್ನು ಕೊಳೆಸಿ ಬೆರಳು, ಕೆಲವೊಮ್ಮೆ ಕೈಯನ್ನೇ ತೆಗೆಯಬೇಕಾದ ಸ್ಥಿತಿ ಬರಬಹುದು. ಹುಡುಕಲು ರಟ್ಟಿನ ತುಂಡನ್ನೇ ಹಿಡಿಯಬೇಕು. ಚುಚ್ಚಿದ್ದೇ ಆದರೆ ಅರಿಸಿನ ಹಚ್ಚಿ ಕೂರದೆ, ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ ಒಳಹೊಕ್ಕಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು.

2023ರ ಜನವರಿಯಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರಾಕ್ಟರುಗಳಿಗೆ ಹೊಗೆಯ ಬಿಗಿ ನಿಯಮ ಬಂದ ಮೇಲೆ, ಅವುಗಳಲ್ಲಿ ಕಾಮನ್ ರೈಲ್ ಪದ್ಧತಿ ಬರತೊಡಗಿದೆ. ಇದರಲ್ಲಿ ಒತ್ತಡ 1000 ಕಿ.ಗ್ರಾಂ ಮೀರುತ್ತದೆ. ಹಳೆಯ ಎಂಜಿನ್ನಿನಲ್ಲಿ ನಾಝಲ್ ನಟ್ಟು ಸಡಿಲಿಸಿ ಗಾಳಿ ತೆಗೆಯುವ ಅಭ್ಯಾಸವನ್ನು ಇಂತಹ ಎಂಜಿನ್ನಿನ ಮೇಲೆ ಪ್ರಯೋಗಿಸಲೇಬಾರದು.

ಬಿಗಿ ಮಾಡುವುದಲ್ಲ, ಬದಲಾಯಿಸುವುದು

ಸೋರಿದೊಡನೆ ಸ್ಪ್ಯಾನರ್ ಹಿಡಿಯುವುದು ಎಲ್ಲರ ಸ್ವಭಾವ. ಕುಗ್ಗಿದ ರಬ್ಬರನ್ನು ಎಷ್ಟು ಒತ್ತಿದರೂ ಅದು ಮರಳಿ ಊದುವುದಿಲ್ಲ. ನಡುವೆ ತೂತಿರುವ ಬ್ಯಾಂಜೊ ಬೋಲ್ಟು ಮುರಿಯುತ್ತದೆ, ಇಲ್ಲವೆ ಅಲ್ಯೂಮಿನಿಯಂ ಫಿಲ್ಟರ್ ತಲೆಯ ಮರೆ ಕಿತ್ತುಬರುತ್ತದೆ. ಟ್ಯಾಂಕಿನ ಸಣ್ಣ ತೂತಿಗೆ ಬಟ್ಟೆ ಸೋಪು ತಿಕ್ಕಿ ಮನೆ ಸೇರುವುದು ಹಳೆಯ ಉಪಾಯ, ಅಷ್ಟಕ್ಕೆ ಅಡ್ಡಿಯಿಲ್ಲ. ಸೈಕಲ್ ಟ್ಯೂಬಿನ ತುಂಡು ಸುತ್ತುವುದು ಮಾತ್ರ ವ್ಯರ್ಥ. ಸಹಜ ರಬ್ಬರು ಡೀಸೆಲ್‌ನಲ್ಲಿ ಮೆತ್ತಗಾಗಿ, ಕರಗಿದ ಚೂರು ಫಿಲ್ಟರಿಗೆ ಹೋಗುತ್ತದೆ. ನಲ್ಲಿಗಳಿಗೆ ಸುತ್ತುವ ಬಿಳಿಯ ಟೇಪೂ ಬೇಡ, ಅದರ ಎಳೆಗಳು ನಾಝಲ್ಲನ್ನು ಕಟ್ಟಿಸುತ್ತವೆ.

ಸರಿಯಾದ ಕ್ರಮವೆಂದರೆ, ಸೋರುತ್ತಿರುವ ಒಂದನ್ನಲ್ಲದೆ ಅದೇ ವಯಸ್ಸಿನ ಎಲ್ಲ ಉಂಗುರ, ವಾಷರ್, ವಾಪಸಿ ಪೈಪುಗಳನ್ನು ಒಂದೇ ಸಲ ಬದಲಾಯಿಸುವುದು. ಒಂದು ಕುಗ್ಗಿದೆ ಎಂದರೆ ಉಳಿದವೂ ಸರದಿಯಲ್ಲಿವೆ. ಹಳೆಯ ಡೀಸೆಲ್‌ನಲ್ಲಿ ನೆನೆಯದ ಹೊಸ ನೈಟ್ರೈಲ್ ಉಂಗುರ ಇಂದಿನ ಡೀಸೆಲ್‌ನಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ವೈಟಾನ್ ಎಂದು ಅಂಗಡಿಗಳಲ್ಲಿ ಕರೆಯುವ ಫ್ಲೋರೊಕಾರ್ಬನ್ ರಬ್ಬರಿಗೆ ಬೆಲೆ ಹೆಚ್ಚು, ಆದರೆ ಡೀಸೆಲ್ ಹೇಗೇ ಬದಲಾದರೂ ಅದರ ಗಾತ್ರ ಅಷ್ಟಾಗಿ ವ್ಯತ್ಯಾಸವಾಗುವುದಿಲ್ಲ. ಇಂಧನ ಪಂಪನ್ನು ಹೇಗೂ ಬಿಚ್ಚಿಸುವುದಾದರೆ ಒಳಗಿನ ಸೀಲುಗಳಿಗೆ ಇದನ್ನೇ ಕೇಳಿ ಹಾಕಿಸುವುದು ಲೇಸು. ತಾಮ್ರದ ವಾಷರನ್ನು ಮತ್ತೆ ಹಾಕಲೇಬೇಕಾದರೆ ಕೆಂಪಗೆ ಕಾಯಿಸಿ ಆರಿಸಿ ಮೆದು ಮಾಡಬೇಕು. ಹೊಸದು ಸಿಗುವಾಗ ಆ ಶ್ರಮ ಏಕೆ?

ಮುಖ್ಯ ಇಂಧನ ಪಂಪನ್ನು ಮಾತ್ರ ಹೊಲದ ಬದುವಿನಲ್ಲಿ ಬಿಚ್ಚಬಾರದು. 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 2008ರಲ್ಲಿ ಬಾಷ್ ಎಂದು ಹೆಸರು ಬದಲಾಯಿಸಿಕೊಂಡ ಮೈಕೋ ಕಾರ್ಖಾನೆಯ ದೆಸೆಯಿಂದ ಹಳ್ಳಿಗಳಲ್ಲಿ ಇಂಧನ ಪಂಪಿಗೆ ಇಂದಿಗೂ 'ಮೈಕೋ ಪಂಪು' ಎಂದೇ ಹೆಸರು. ಅದರ ಒಳಭಾಗಗಳ ಸಂದು ಮಿಲಿ ಮೀಟರಿನ ಸಾವಿರದ ಕೆಲವೇ ಭಾಗ. ಪರೀಕ್ಷಾ ಯಂತ್ರವಿರುವ ಪಂಪು ಅಂಗಡಿಯಲ್ಲಿಯೇ ಈ ಕೆಲಸ ಆಗಬೇಕು. ರಾಗಿ ಒಕ್ಕಣೆ ಮುಗಿದು ಬೇಸಿಗೆ ಉಳುಮೆಗೆ ಮುಂಚೆ, ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಅಂಗಡಿಯವರಿಗೂ ಬಿಡುವಿರುತ್ತದೆ.

ಹೊಂಗೆ ಎಣ್ಣೆ ಮತ್ತು ಬಯೋಡೀಸೆಲ್

ನಮ್ಮ ಬದುಗಳಲ್ಲಿ ಹೊಂಗೆ ಮರಗಳಿಗೆ ಕೊರತೆಯಿಲ್ಲ. ಈ ಶತಮಾನದ ಆರಂಭದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ತುಮಕೂರು ಜಿಲ್ಲೆಯ ಕಗ್ಗೇನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದಲೇ ಜನರೇಟರ್ ನಡೆಸಿ, ಆ ವಿದ್ಯುತ್ತಿನಿಂದ ಕೊಳವೆಬಾವಿಗಳ ನೀರೆತ್ತಿಸಿ ತೋರಿಸಿದರು. ಹಾಸನದ ಬಳಿಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಜೈವಿಕ ಇಂಧನ ಉದ್ಯಾನವೂ ಇದೆ. 2018ರ ರಾಷ್ಟ್ರೀಯ ನೀತಿಯ ಪ್ರಕಾರ 2030ರ ವೇಳೆಗೆ ಡೀಸೆಲ್‌ಗೆ ಶೇಕಡ 5ರಷ್ಟು ಬಯೋಡೀಸೆಲ್ ಬೆರೆಸುವುದು ಗುರಿ. ಆದ್ದರಿಂದ ಡೀಸೆಲ್ ಇನ್ನೂ ಬದಲಾಗಲಿದೆ ಎಂದೇ ತಿಳಿಯಬೇಕು.

ಗಾಣದಿಂದ ಬಂದ ಹೊಂಗೆ ಎಣ್ಣೆ ಬೇರೆ, ಅದನ್ನು ಮದ್ಯಸಾರದೊಡನೆ ಸಂಸ್ಕರಿಸಿ ಗ್ಲಿಸರಿನ್ ತೆಗೆದ ಬಯೋಡೀಸೆಲ್ ಬೇರೆ. ಮೊದಲನೆಯದು ಬಹಳ ಮಂದ. ಮಾಮೂಲು ಟ್ರಾಕ್ಟರಿನಲ್ಲಿ ಅದನ್ನು ಹಾಕಿದರೆ ನಾಝಲ್ ಮತ್ತು ಪಿಸ್ಟನ್ ರಿಂಗುಗಳಲ್ಲಿ ಜಿಡ್ಡು ಕಟ್ಟುತ್ತದೆ. ಎರಡನೆಯದು ಜಾರುಗುಣದಲ್ಲಿ ಡೀಸೆಲ್‌ಗಿಂತ ಮೇಲು. ಆದರೆ ಪ್ರಮಾಣ ಹೆಚ್ಚಾದರೆ ಹಳೆಯ ಟ್ಯಾಂಕಿನ ಗಸಿಯನ್ನೆಲ್ಲ ತೊಳೆದು ಫಿಲ್ಟರಿಗೆ ತುಂಬುತ್ತದೆ, ಸಹಜ ರಬ್ಬರನ್ನು ಕೆಡಿಸುತ್ತದೆ, ನೈಟ್ರೈಲನ್ನು ಊದಿಸುತ್ತದೆ. ಒಂದು ತಿಂಗಳು ಬಯೋಡೀಸೆಲ್ ಹಾಕಿ ಮತ್ತೆ ಬಂಕಿನ ಡೀಸೆಲ್‌ಗೆ ಮರಳಿದವರಿಗೆ ಊದಿದ ರಬ್ಬರು ಕುಗ್ಗಿ ಸೋರಿಕೆ ಶುರುವಾಗುವುದು ಹೀಗೆ. ಸೋವಿಯೆಂದು ಡ್ರಮ್ಮುಗಳಲ್ಲಿ ಮಾರುವ, ಯಾವ ಗುಣಮಟ್ಟದ ಗುರುತೂ ಇಲ್ಲದ ಎಣ್ಣೆಯನ್ನು ಬಯೋಡೀಸೆಲ್ ಎಂದು ನಂಬಿ ಕೊಳ್ಳಬಾರದು.

ರೇಷ್ಮೆ ಬೆಳೆಗಾರರಿಗೆ

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಬೆಳೆಗಾರರಿಗೆ ಸೋರಿಕೆ ಬರಿಯ ಎಂಜಿನ್ನಿನ ಪ್ರಶ್ನೆಯಲ್ಲ. ರೇಷ್ಮೆ ಹುಳು ಸೊಪ್ಪನ್ನು ವಾಸನೆಯಿಂದ ಗುರುತಿಸುತ್ತದೆ. ಡೀಸೆಲ್ ಅಥವಾ ಸೀಮೆಎಣ್ಣೆ ತಾಗಿದ ಸೊಪ್ಪನ್ನು ಮುಟ್ಟದೆ ಪಕ್ಕಕ್ಕೆ ಸರಿಯುತ್ತದೆ. ಆ ಹೊತ್ತಿನ ಮೇವು ತಪ್ಪಿತೆಂದರೆ ಹುಳುಗಳ ಬೆಳವಣಿಗೆಯಲ್ಲಿ ಏರುಪೇರಾಗುತ್ತದೆ. ಕೊನೆಯ ಜ್ವರ ಎದ್ದ ಮೇಲೆ ಮೇವು ಅತಿ ಹೆಚ್ಚು ಬೇಕಾಗುವುದರಿಂದ ಆಗ ನಷ್ಟವೂ ಹೆಚ್ಚು. ಸೋರುವ ಪವರ್ ಟಿಲ್ಲರಿನ ಟ್ರೈಲರಿನಲ್ಲಿ ಕಡ್ಡಿ ಸೊಪ್ಪು ಹೇರಬಾರದು. ಡೀಸೆಲ್ ಡಬ್ಬವನ್ನು ಸೊಪ್ಪಿನ ಕೋಣೆಯಲ್ಲಿಡಬಾರದು. ಜನರೇಟರನ್ನು ಹುಳು ಮನೆಯ ಕಿಟಕಿಗಳಿಂದ ದೂರ, ಗಾಳಿ ಹೊರಕ್ಕೆ ಒಯ್ಯುವ ದಿಕ್ಕಿನಲ್ಲಿ ನಿಲ್ಲಿಸಬೇಕು. ಎಂಜಿನ್ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಮೇವು ಕೊಡಬಾರದು. ಮನೆಯ ಗಂಡಸರಿಗೆ ಇದನ್ನು ಮನೆಯ ಹೆಂಗಸರೇ ನೆನಪಿಸುತ್ತಿರಬೇಕಾಗುತ್ತದೆ. ಸೋರಿದ ಡೀಸೆಲ್ ಹಿಪ್ಪುನೇರಳೆ ಸಾಲಿಗೂ, ಕೃಷಿ ಹೊಂಡಕ್ಕೂ ಹರಿಯದಂತೆ ಮರದ ಹೊಟ್ಟು ಅಥವಾ ಬೂದಿ ಹಾಕಿ ಹೀರಿಸಿ ತೆಗೆಯಬೇಕು. ಡೀಸೆಲ್ ಬಿದ್ದ ಮಣ್ಣು ನೀರನ್ನು ಹೀರದು, ಅಲ್ಲಿ ಬೀಜ ಮೊಳೆಯುವುದೂ ಕಷ್ಟ.

ಪೆಟ್ರೋಲ್ ಸ್ಪ್ರೇಯರುಗಳು

ದ್ರಾಕ್ಷಿ, ಟೊಮೆಟೊ ತೋಟಗಳಲ್ಲಿ ಬಳಸುವ ಪೆಟ್ರೋಲ್ ಸ್ಪ್ರೇಯರು, ಕಳೆ ಕೊಚ್ಚುವ ಯಂತ್ರಗಳಲ್ಲಿಯೂ ಇಂತಹದೇ ತೊಂದರೆ ಕಾಣುತ್ತಿದೆ, ಕಾರಣ ಮಾತ್ರ ಬೇರೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಶೇಕಡ 20 ಎಥೆನಾಲ್ ಬೆರೆತ ಪೆಟ್ರೋಲ್ 2025ರ ಹೊತ್ತಿಗೆ ದೇಶದ ಬಹುಪಾಲು ಬಂಕುಗಳಿಗೆ ಬಂದಿದೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹೆಚ್ಚಾದರೆ ನೀರಿನೊಡನೆ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ. ಹಳೆಯ ಕಾರ್ಬುರೇಟರಿನ ರಬ್ಬರು ಪರದೆ, ಸಣ್ಣ ಪೈಪುಗಳು ಇದಕ್ಕೆ ಬೇಗ ಮೆತ್ತಗಾಗುತ್ತವೆ ಅಥವಾ ಬಿರಿಯುತ್ತವೆ. ಸಿಂಪರಣೆಯ ಕಾಲ ಮುಗಿದ ಮೇಲೆ ಟ್ಯಾಂಕು ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ನಡೆಸಿ ಕಾರ್ಬುರೇಟರನ್ನೂ ಖಾಲಿ ಮಾಡಿಡಬೇಕು. ಆಯಿಲ್ ಬೆರೆಸಿದ ಪೆಟ್ರೋಲನ್ನು ತಿಂಗಳುಗಟ್ಟಲೆ ಕೂಡಿಡದೆ ಒಂದು ವಾರದ ಕೆಲಸಕ್ಕೆ ಬೇಕಾದಷ್ಟೇ ಕಲಸಿಕೊಳ್ಳುವುದು. ಡೀಸೆಲ್ ಟ್ಯಾಂಕಿನ ಪದ್ಧತಿ ಇದಕ್ಕೆ ತಿರುವುಮುರುವು: ಅದನ್ನು ನಿಲ್ಲಿಸುವಾಗ ತುಂಬಿಯೇ ನಿಲ್ಲಿಸಿ, ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷ ಎಂಜಿನ್ ನಡೆಸಬೇಕು. ಇದರಿಂದ ಟ್ಯಾಂಕಿನಲ್ಲಿ ಬೆವರು ನೀರು ಕೂಡುವುದಿಲ್ಲ, ಪಂಪಿನ ರಬ್ಬರೂ ಒಣಗುವುದಿಲ್ಲ.